ಆಡದ ಆಟಿಕೆ

ಕನ್ನಡದಲ್ಲಿ ಬಹು ವಸ್ತುಗಳಿಗೆ ಅವುಗಳ ಕೆಲಸವೇ ಹೆಸರಾಗಿದೆ. ಹಾಸುವುದು ಹಾಸಿಗೆ, ಹೊದೆಯುವುದು ಹೊದಿಕೆ, ಮುಚ್ಚುವುದು ಮುಚ್ಚಳ, ಆಡುವುದು ಆಟಿಕೆ. ಸುತ್ತಿ ಮೂಲೆಯಲ್ಲಿಟ್ಟ ಹಾಸಿಗೆಯನ್ನು ಯಾರೂ ಹಾಸಿಗೆಯಲ್ಲವೆನ್ನರು. ರಾತ್ರಿಯಾದೊಡನೆ ಅದನ್ನು ಹಾಸುವರೆಂಬ ಭರವಸೆ ಅದರ ಹೆಸರನ್ನು ಕಾಪಾಡುತ್ತದೆ. ಆದರೆ ಎಂದೆಂದಿಗೂ ಹಾಸಕೂಡದೆಂದು ನಿಶ್ಚಯಿಸಿ, ನೂಲು ಸಡಿಲವಾಗದಂತೆ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಸಿಗೆಗೆ ಏನೆಂದು ಹೆಸರಿಡತಕ್ಕದ್ದು? ಹಾಗೆಯೇ, ಎಂದೂ ಆಡಬಾರದೆಂಬ ಸಂಕಲ್ಪದಿಂದಲೇ ಕೊಂಡುತಂದ ಆಟಿಕೆಯು ಆಟಿಕೆಯೇ, ಬೇರೊಂದೇ?

ಇದು ತರ್ಕಪಂಡಿತರ ವಿನೋದವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಬೆಂಗಳೂರಿನ ಪಶ್ಚಿಮದ ಬಡಾವಣೆಗಳಾದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಈ ಪ್ರಶ್ನೆಯು ಎಷ್ಟೋ ಗೃಹಸ್ಥರ ನಡುಮನೆಯಲ್ಲಿ ಗಾಜಿನ ಹಿಂದೆ ನಿಂತಿದೆ. ಹಿಂದೆ ಆ ಗಾಜಿನ ಬೀರುವಿನಲ್ಲಿ ಚನ್ನಪಟ್ಟಣದ ಗೊಂಬೆ, ಗಂಧದ ಆನೆ, ಮಗನು ಶಾಲೆಯ ಓಟದಲ್ಲಿ ಗೆದ್ದು ತಂದ ಬಟ್ಟಲು ಇವಿಷ್ಟು ಇರುತ್ತಿದ್ದುವು. ಈಗ ಅವುಗಳ ಜೊತೆಯಲ್ಲಿ ಮೂರಂಗುಲ ಉದ್ದದ ಲೋಹದ ಕಾರುಗಳು ಸಾಲಾಗಿವೆ. ಕೆಲವಕ್ಕೆ ಹಲಗೆಯ ಪೀಠವಿದೆ. ಬಹಳವು ಕಾಗದದ ರಟ್ಟಿಗೆ ಅಂಟಿಸಿದ ಪಾರದರ್ಶಕ ಪೊಟ್ಟಣದೊಳಗೆ, ಅಂಗಡಿಯಿಂದ ಹೇಗೆ ಬಂದುವೋ ಹಾಗೆಯೇ ಇವೆ. ಅವುಗಳ ಒಡೆಯನು ಮಗುವಲ್ಲ, ಮಗುವಿನ ತಂದೆ. ಅವನು ವಿದ್ಯಾವಂತ, ದುಂದುಗಾರನಲ್ಲ, ಮನೆಗೆ ಬಂದವರಿಗೆ ಒಂದೊಂದು ಕಾರಿನ ಚರಿತ್ರೆಯನ್ನೂ ಹೇಳಬಲ್ಲ. ಅಂಥವನನ್ನು ಹಾಸ್ಯಮಾಡುವುದು ಸುಲಭ. ಅವನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ನಿರ್ಣಯಿಸುವುದು ಅಷ್ಟು ಸುಲಭವಲ್ಲ.

ವಸ್ತುವಿನ ಪರಿಚಯ ಮೊದಲು ಆಗಬೇಕು. ವ್ಯಾಪಾರದಲ್ಲಿ ಡೈಕಾಸ್ಟ್ ಎಂದು ಕರೆಯುವ ಈ ಕೆಲಸಕ್ಕೆ ಅಚ್ಚೆರಕವೆಂಬ ಮಾತು ಸಲ್ಲುತ್ತದೆ. ಉಕ್ಕಿನ ಎರಡು ಹೋಳುಗಳಲ್ಲಿ ಕಾರಿನ ಆಕಾರವನ್ನು ಒಳಮುಖವಾಗಿ ಕೊರೆದು, ಹೋಳುಗಳನ್ನು ಬಿಗಿದು, ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಒಳಕ್ಕೆ ನುಗ್ಗಿಸುತ್ತಾರೆ. ಆ ಮಿಶ್ರಣದಲ್ಲಿ ನೂರಕ್ಕೆ ಸುಮಾರು 4 ಪಾಲು ಅಲ್ಯುಮಿನಿಯಂ, ಉಳಿದದ್ದು ಬಹುಮಟ್ಟಿಗೆ ಸತು. 400 ಡಿಗ್ರಿ ಸೆಂಟಿಗ್ರೇಡಿಗೂ ಕಡಿಮೆ ಕಾವಿನಲ್ಲಿ ಅದು ನೀರಾಗುತ್ತದೆ. ಅಚ್ಚಿನಲ್ಲಿ ಕ್ಷಣಮಾತ್ರದಲ್ಲಿ ಗಟ್ಟಿಯಾಗಿ, ಬಾಗಿಲಿನ ಸಂದು, ಕಿಟಕಿಯ ಅಂಚು, ದೀಪದ ಗೂಡು ಸಹಿತವಾಗಿ ಹೊರಬೀಳುತ್ತದೆ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿಯೂ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು 1949ರಲ್ಲಿ ಆರಂಭವಾದ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿಯೂ ಲೋಹದ ಕೆಲಸವನ್ನು ಹೊಟ್ಟೆಪಾಡಿಗಾಗಿ ಮಾಡುವವರು ಬಹು ಮಂದಿ. ಅವರ ಅಚ್ಚುಗಳಿಂದ ಬೀಳುವುದು ಯಂತ್ರದ ಬಿಡಿಭಾಗ, ಆಟಿಕೆಯಲ್ಲ. ಆದರೆ ಅಚ್ಚಿನ ಗುಣ ಎಲ್ಲಿಯೂ ಒಂದೇ: ಮೊದಲನೆಯ ಎರಕಕ್ಕೂ ಹತ್ತುಸಾವಿರದನೆಯದಕ್ಕೂ ಭೇದ ಕಾಣಿಸದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಬೆಲೆಯ ವಿಚಾರ ಬಂದಾಗ ಬೇಕಾಗುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಮೆಕಾನೊ ಕಂಪನಿಯವರು 1934ರಲ್ಲಿ ಡಿಂಕಿ ಎಂಬ ಹೆಸರಿನ ಎರಕದ ಕಾರುಗಳನ್ನು ಮಾರಲಾರಂಭಿಸಿದರು. ಅವರ ಹಳೆಯ ಅಚ್ಚುಗಳಲ್ಲಿ ಕೆಲವು 1960ರ ದಶಕದ ಕೊನೆಗೆ ಕಲ್ಕತ್ತೆಗೆ ಬಂದು, ಅಲ್ಲಿ ನಿಕಿ ಎಂಬ ಹೆಸರಿನಲ್ಲಿ ಮತ್ತೆ ಕಾರುಗಳನ್ನು ಹೆತ್ತುವು. ಅಮೆರಿಕೆಯ ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್ 1968ರಲ್ಲಿ 16 ಬಗೆಯ ಕಾರುಗಳೊಡನೆ ಹುಟ್ಟಿತು. ಅದರ ಹೆಗ್ಗಳಿಕೆ ರೂಪದಲ್ಲಿ ಮಾತ್ರವಿರಲಿಲ್ಲ, ಓಟದಲ್ಲಿಯೂ ಇತ್ತು. ತೆಳುವಾದ ಅಚ್ಚುಕಡ್ಡಿಯ ಮೇಲೆ ಸಲೀಸಾಗಿ ತಿರುಗುವ ಗಾಲಿ, ಇಳಿಜಾರಿನ ದಾರಿಯಲ್ಲಿ ಬಿಟ್ಟರೆ ಬಹುದೂರ ಓಡುತ್ತಿತ್ತು. ಅಂದರೆ, ಈ ವಂಶದ ಮೂಲಪುರುಷನು ಓಡುವುದಕ್ಕಾಗಿಯೇ ಜನಿಸಿದವನು.

ಈ ಸಣ್ಣ ಕಾರುಗಳಲ್ಲಿ ಸಂಗ್ರಾಹಕರಿಗೆ ಅಚ್ಚುಮೆಚ್ಚಿನದು ಅಮೆರಿಕೆಯ 1960ರ ದಶಕದ ಮಸಲ್ ಕಾರಿನ ಪಡಿಯಚ್ಚು, ಅದರಲ್ಲಿಯೂ ಪಂದ್ಯಗಳಲ್ಲಿ ಓಡಿದ ಕಾರಿನದು. ಮಸಲ್ ಎಂದರೆ ಮಾಂಸಖಂಡ. ಸಾಧಾರಣ ಮೈಯಲ್ಲಿ ಅಸಾಧಾರಣ ಎಂಜಿನನ್ನಿಟ್ಟ ಕಾರಿಗೆ ಅಲ್ಲಿಯ ಜನ ಇಟ್ಟ ಹೆಸರು. ಆ ಕುಲದಲ್ಲಿ ಅತಿ ವಿಚಿತ್ರವಾದುವು ಎರಡು: 1969ರ ಡಾಡ್ಜ್ ಚಾರ್ಜರ್ ಡೇಟೋನ ಮತ್ತು 1970ರ ಪ್ಲಿಮತ್ ಸೂಪರ್‌ಬರ್ಡ್. ಗಾಳಿಯನ್ನು ಸೀಳಲು ಮುಂದೆ ಚೂಪಾದ ಮೂತಿ, ಹಿಂಭಾಗ ನೆಲಕ್ಕೆ ಒತ್ತಿಕೊಂಡಿರಲೆಂದು ಎರಡು ಕಂಬಗಳ ಮೇಲೆ ಎತ್ತರದ ರೆಕ್ಕೆ. ನೋಡಿದವರಿಗೆ ಕಾರಿಗಿಂತ ಹೆಚ್ಚಾಗಿ ಯಾವುದೋ ಮೀನೋ ಹಕ್ಕಿಯೋ ನೆನಪಾಗುವಂತಿದ್ದುವು. 1970ರ ಮಾರ್ಚ್ 24ರಂದು ಅಲಬಾಮದ ಟಾಲಡೇಗ ಪಥದಲ್ಲಿ ಬಡಿ ಬೇಕರ್ ಎಂಬ ಸಾರಥಿ ಡೇಟೋನವನ್ನು ಘಂಟೆಗೆ 200 ಮೈಲಿಗೂ ಮೀರಿ ಓಡಿಸಿದನು. ಅದೇ ವರ್ಷ ರಿಚರ್ಡ್ ಪೆಟ್ಟಿಯ ಸೂಪರ್‌ಬರ್ಡ್, ತಿಳಿನೀಲಿ ಬಣ್ಣ, ಮಗ್ಗುಲಲ್ಲಿ 43ರ ಅಂಕೆ, ಪಂದ್ಯದ ಪಥಗಳಲ್ಲಿ ಹೆಸರಾಯಿತು. ಬೆಂಗಳೂರಿನ ಗಾಜಿನ ಬೀರುಗಳಲ್ಲಿ ಇಂದು ಕಾಣುವ ನೀಲಿಯ ಪುಟ್ಟ ಕಾರಿನ ಮೂಲ ಅದೇ.

ಪಂದ್ಯಕ್ಕೆ ತರುವ ಕಾರು ಸಾರ್ವಜನಿಕರಿಗೂ ಮಾರಾಟವಾಗಬೇಕೆಂಬ ನಿಯಮ ಆಗ ಅಲ್ಲಿತ್ತು. 1969ರಲ್ಲಿ 500 ಕಾರುಗಳನ್ನಾದರೂ ಕಟ್ಟಬೇಕಾಗಿತ್ತು. 1970ರಲ್ಲಿ ಇಬ್ಬರು ವ್ಯಾಪಾರಿಗಳಿಗೆ ಒಂದರಂತೆ. ಹೀಗೆ ಸುಮಾರು 1,900 ಸೂಪರ್‌ಬರ್ಡುಗಳು ಅಂಗಡಿಗಳಿಗೆ ಬಂದುವು. ಆದರೆ ಆ ಮೂತಿ ರೆಕ್ಕೆಗಳನ್ನು ಕಂಡು ಸಂಸಾರಿಗಳು ಕೊಳ್ಳಲಿಲ್ಲ. ಎಷ್ಟೋ ಕಾರುಗಳು ಅಂಗಡಿಯ ಅಂಗಳದಲ್ಲಿ ಬಿಸಿಲು ಮಳೆಗಳಲ್ಲಿ ನಿಂತುವು. ಕೆಲವು ವ್ಯಾಪಾರಿಗಳು ಮೂತಿಯನ್ನು ಕಳಚಿ ರೆಕ್ಕೆಯನ್ನು ಕಿತ್ತು, ಸಾಧಾರಣ ಕಾರಿನಂತೆ ಮಾಡಿ ಮಾರಿ ಕೈತೊಳೆದುಕೊಂಡರು. 1971ರಲ್ಲಿ ಪಂದ್ಯದವರು ಇಂಥ ರೆಕ್ಕೆಯ ಕಾರುಗಳ ಎಂಜಿನಿಗೆ ಮಿತಿ ಹಾಕಿದರು; ಅಲ್ಲಿಗೆ ಅವುಗಳ ಆಟ ಮುಗಿಯಿತು. ಇಂದು ಹರಾಜಿನಲ್ಲಿ ಅದೇ ಕಾರಿಗೆ ಲಕ್ಷಗಟ್ಟಲೆ ಡಾಲರುಗಳು. ಅಂದು ಬೇಡವಾದದ್ದೇ ಇಂದು ಬೇಕಾದದ್ದರ ಶಿಖರವಾಗಿದೆ.

ಪಡಿಯಚ್ಚು ಈ ಚರಿತ್ರೆಯಲ್ಲಿ ಏನನ್ನು ಉಳಿಸುತ್ತದೆ? ಬಣ್ಣವನ್ನು, ಅಂಕೆಯನ್ನು, ಎಣ್ಣೆಯ ಕಂಪನಿಯ ಜಾಹೀರಾತನ್ನು, ರೆಕ್ಕೆಯ ಕೋನವನ್ನು. 200 ಮೈಲಿಯ ವೇಗವನ್ನು ಉಳಿಸಲಾರದು. ಸಾರಥಿಯ ಭಯವನ್ನೂ ಉಳಿಸಲಾರದು. ಪಂದ್ಯದ ಕಾರಿಗೆ ಗೌರವ ಬಂದದ್ದಾದರೋ ತನ್ನನ್ನು ತಾನು ಸವೆಸಿಕೊಂಡದ್ದರಿಂದ, ಗೋಡೆಗೆ ಉಜ್ಜಿದ ಮೈಯಿಂದ, ಸುಟ್ಟ ಗಾಲಿಯಿಂದ. ಇದನ್ನು ತಯಾರಕರೂ ಬಲ್ಲರು. ಆದುದರಿಂದ ಅಮೆರಿಕೆಯಲ್ಲಿ ಗೆದ್ದ ದಿನದ ಕಾರೆಂದು ಮಾರುವ ಕೆಲವು ಪಡಿಯಚ್ಚುಗಳಿಗೆ ಆ ದಿನದ ಕೊಳೆಯನ್ನೂ ಗೀರುಗಳನ್ನೂ, ವಿಜಯೋತ್ಸವದಲ್ಲಿ ಎರಚಿದ ಬಣ್ಣದ ಕಾಗದದ ಚೂರುಗಳನ್ನೂ ಕಾರ್ಖಾನೆಯಲ್ಲಿಯೇ ಬಳಿದು ಕಳಿಸುತ್ತಾರೆ. ಕೊಂಡವನು ಆ ಧೂಳಿನ ಮೇಲೆ ಧೂಳು ಬೀಳದಂತೆ ಗಾಜು ಮುಚ್ಚುತ್ತಾನೆ! ಈ ಒಂದು ಉದಾಹರಣೆಯಲ್ಲಿ ಸಮಗ್ರ ಪ್ರಶ್ನೆಯೂ ಅಡಗಿದೆ. ಸವೆತವನ್ನು ಪೂಜಿಸುವವನು ಸವೆತಕ್ಕೆ ಅಂಜುತ್ತಾನೆ.

ಇನ್ನು ಬೆಲೆಯ ವಿಚಾರ. ಹಾಟ್ ವೀಲ್ಸಿನ ಸಾಧಾರಣ ಕಾರು ಈ ಊರಿನ ಅಂಗಡಿಯಲ್ಲಿ 200 ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಅದೇ ಕಂಪನಿಯ ಮೊದಲ ವರ್ಷಗಳ ಕಾರು ಪೊಟ್ಟಣ ಒಡೆಯದೆ ಉಳಿದಿದ್ದರೆ ಅದಕ್ಕೆ ಸಾವಿರಾರು ರೂಪಾಯಿ. ಪೊಟ್ಟಣ ಒಡೆದದ್ದಾದರೆ ಅದರ ಒಂದು ಅಂಶ. ಮಗುವಿನ ಕೈಯಲ್ಲಿ ಬಣ್ಣ ಹೋದದ್ದಾದರೆ ಬಹುಶಃ ಏನೂ ಇಲ್ಲ. ಅಚ್ಚಿನಿಂದ ಬಿದ್ದಾಗ ಮೂರೂ ಒಂದೇ ಆಗಿದ್ದುವು. ಕೆಂಗೇರಿಯಿಂದ ಮೈಸೂರಿನ ದಾರಿ ಹಿಡಿದರೆ ಮೊದಲು ಬಿಡದಿಯಲ್ಲಿ, 1999ರಿಂದ ನಿಜವಾದ ಕಾರುಗಳನ್ನು ಮಾಡುತ್ತಿರುವ ಕಾರ್ಖಾನೆ. ಇನ್ನೂ ಮುಂದೆ, ಹಾಲೆಮರವನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಮರದ ಕಾರನ್ನು ಮಾಡುವ ಚನ್ನಪಟ್ಟಣ. ಅಲ್ಲಿಯ ಒಂದೊಂದು ಗೊಂಬೆಯೂ ಒಬ್ಬನ ಕೈಯಿಂದ ಬಂದದ್ದು, ಒಂದರಂತೆ ಇನ್ನೊಂದಿಲ್ಲ. ಆದರೂ ಅದನ್ನು ಪೊಟ್ಟಣದಲ್ಲಿಟ್ಟು ಮೂವತ್ತು ವರ್ಷ ಕಾಯುವವರನ್ನು ಯಾರೂ ಕಂಡಿಲ್ಲ. ಹಲ್ಲಿನ ಗುರುತು ಬೀಳುವವರೆಗೆ ಮಗು ಅದನ್ನು ಕಚ್ಚುತ್ತದೆ. ಸಾವಿರ ಸಾವಿರವಾಗಿ ಒಂದೇ ಸಮನಾಗಿ ಬಿದ್ದ ಎರಕವು ವಿರಳವಾಗಿ, ಒಂದೇ ಒಂದಾಗಿ ಹುಟ್ಟಿದ ಮರದ ಕಾರು ಸಾಮಾನ್ಯವಾಗಿ ಎಣಿಸಲ್ಪಡುವುದಕ್ಕೆ ಕಾರಣವೇನು?

ಕಾರಣ ಕಠಿಣವಾದುದೇನಲ್ಲ. ಆ ಹಳೆಯ ಕಾರು ವಿರಳವಾದದ್ದು ಅದನ್ನು ಇಟ್ಟುಕೊಂಡವನಿಂದ ಅಲ್ಲ, ಇಟ್ಟುಕೊಳ್ಳದವರಿಂದ. 1968ರಲ್ಲಿ ಅದೇ ಕಾರನ್ನು ಕೊಂಡ ಲಕ್ಷಾಂತರ ಮಕ್ಕಳು ಅದನ್ನು ಮೆಟ್ಟಿಲಿನಿಂದ ಉರುಳಿಸಿದರು, ಮಣ್ಣಿನಲ್ಲಿ ಹೂಳಿದರು, ಗೆಳೆಯನ ಕಾರಿಗೆ ಡಿಕ್ಕಿ ಹೊಡೆಸಿದರು, ಕಳೆದುಕೊಂಡು ಅತ್ತರು. ಅವರಾರೂ ಆಡದಿದ್ದರೆ ಇಂದು ಆಡದೆ ಉಳಿದದ್ದಕ್ಕೆ ಕವಡೆಯ ಬೆಲೆಯೂ ಇರುತ್ತಿರಲಿಲ್ಲ. ಸಂಗ್ರಾಹಕನ ಬೀರುವಿನಲ್ಲಿರುವ ಐಶ್ವರ್ಯವು, ನಿಜವಾಗಿ ನೋಡಿದರೆ, ಬೇರೆ ಮಕ್ಕಳ ಆಟದಿಂದ ಬಂದದ್ದು. ಇದರಿಂದ ಅವನು ಕಳ್ಳನೆಂದು ಅರ್ಥವಲ್ಲ. ಆದರೆ ತನ್ನ ವಿವೇಕದಿಂದಲೇ ಬೆಲೆ ಬೆಳೆಯಿತೆಂದು ಅವನು ಬೀಗುವುದಕ್ಕೆ ಕಾರಣವಿಲ್ಲ. ಆಡಿ ಒಡೆದವರನ್ನು ಅವಿವೇಕಿಗಳೆನ್ನುವುದಕ್ಕಂತೂ ಅಧಿಕಾರವೇ ಇಲ್ಲ.

ಸಂಗ್ರಾಹಕನ ಪಕ್ಷಕ್ಕೂ ನ್ಯಾಯವಿದೆ, ಅದನ್ನು ಕೇಳಬೇಕು. ಧನಕ್ಕೆ ದಾನ, ಭೋಗ, ನಾಶ ಎಂಬ ಮೂರು ಗತಿಗಳನ್ನು ಭರ್ತೃಹರಿಯು ಎಣಿಸಿದ್ದಾನೆ. ಕೊಡದೆ, ಆಡದೆ ಇಟ್ಟ ಆಟಿಕೆಯನ್ನು ಮೂರನೆಯ ಗತಿಗೆ ಸೇರಿಸಿಬಿಡುವುದು ನೀತಿವಂತರಿಗೆ ಸುಲಭವಾದ ತೀರ್ಪು. ಆದರೆ ಭೋಗವೆಂದರೆ ಕೈಯಿಂದ ಉರುಳಿಸುವುದೊಂದೇ ಏಕಾಗಬೇಕು? ಕಣ್ಣಿಗೂ ಭೋಗವುಂಟು, ನೆನಪಿಗೂ ಉಂಟು. ಬಾಲ್ಯದಲ್ಲಿ ಅಂಗಡಿಯ ಗಾಜಿಗೆ ಮೂಗೊತ್ತಿ ನಿಂತು, ತಂದೆಯ ಸಂಬಳವನ್ನು ಬಲ್ಲವನಾದುದರಿಂದ ಬಾಯಿಬಿಡದೆ ಹಿಂದಿರುಗಿದವನು, ದುಡಿದು ಸಂಪಾದಿಸಿದ ಮೇಲೆ ಅದೇ ಕಾರನ್ನು ಕೊಂಡು ಬೀರುವಿನಲ್ಲಿ ಇಟ್ಟುಕೊಂಡರೆ, ಅದನ್ನು ಲೋಭವೆನ್ನುವವರ ಹೃದಯ ಕಲ್ಲು. ಅವನು ಕಾರನ್ನು ಕೊಂಡದ್ದಲ್ಲ. ಆ ಹುಡುಗನ ಮೌನಕ್ಕೆ ಒಂದಿಷ್ಟು ಪರಿಹಾರ ಕೊಟ್ಟದ್ದು. ಇದಲ್ಲದೆ, ಉಪಯೋಗಿಸದೆ ಕಾಪಾಡುವುದೇ ಗೌರವವಾಗುವ ವಸ್ತುಗಳೂ ಇವೆ. ಓಲೆಗರಿಯ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟವರಿಂದಲೇ ಹಳಗನ್ನಡದ ಕಾವ್ಯಗಳು ಉಳಿದುವು. ಅವನ್ನು ಮಕ್ಕಳ ಕೈಗೆ ಕೊಡಬೇಕಾಗಿತ್ತೆಂದು ಯಾರು ಹೇಳುವರು?

ಓಲೆಗರಿಗಿಂತಲೂ ಸಮೀಪದ ನಿದರ್ಶನ ಕನ್ನಡ ಮನೆಗಳಲ್ಲಿಯೇ ಇದೆ. ನವರಾತ್ರಿ ಬಂದಿತೆಂದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿದ ಗೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಎಲ್ಲಕ್ಕೂ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ, ಮದುವೆಯಲ್ಲಿ ತಾಯಿಯ ಮನೆಯಿಂದ ಮಗಳ ಜೊತೆಯಲ್ಲಿ ಬಂದ ರಾಜ ರಾಣಿಯರ ಜೋಡಿ. ಅದರ ಕೆಳಗೆ ದಶಾವತಾರ, ಮದುವೆಯ ದಿಬ್ಬಣ, ಶೆಟ್ಟಿಯ ಅಂಗಡಿ. ಅದಕ್ಕೂ ಕೆಳಗೆ ನೆಲದ ಮೇಲೆ ರಾಗಿಯ ಪೈರು ಬೆಳೆಸಿದ ತೋಟ, ಕನ್ನಡಿಯ ಕೊಳ, ಮರಳಿನ ರಸ್ತೆ. ಆ ರಸ್ತೆಯ ಮೇಲೆ ಮನೆಯ ಹುಡುಗರ ಕಾರು ಬಸ್ಸುಗಳಿಗೆ ಬಹುಕಾಲದಿಂದ ಸ್ಥಾನವಿದೆ. ಸಂಜೆಯಾದರೆ ನೆರೆಹೊರೆಯ ಮಕ್ಕಳು, ಗೊಂಬೆ ಕೂರಿಸಿದ್ದೀರಾ ಎಂದು ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ. ಆರತಿಯಾಗುತ್ತದೆ, ಹಾಡಾಗುತ್ತದೆ, ಬಂದ ಮಕ್ಕಳ ಕೈಗೆ ಚರಪು ಬೀಳುತ್ತದೆ. ಕೊನೆಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ಮತ್ತೆ ಸೀರೆಯ ಚೂರು, ಮತ್ತೆ ಪೆಟ್ಟಿಗೆ, ಮತ್ತೆ ಅಟ್ಟ.

ಈ ಗೊಂಬೆಗಳೂ ಆಡಲಿಕ್ಕೆ ಅಲ್ಲ. ಕೈ ಚಾಚಿದ ಕೂಸನ್ನು ಅಜ್ಜಿಯು ಗದರಿಸುವಳು. ವರ್ಷದ ಮುನ್ನೂರೈವತ್ತಕ್ಕೂ ಹೆಚ್ಚು ದಿನ ಅವು ಕತ್ತಲೆಯಲ್ಲಿರುತ್ತವೆ, ಗಾಜಿನ ಬೀರುವಿನ ಕಾರಿಗೆ ಇರುವಷ್ಟು ಬೆಳಕೂ ಅವಕ್ಕಿಲ್ಲ. ಹೀಗಿದ್ದರೂ ಅವನ್ನು ಕುರಿತು, ಪಾಪ, ವ್ಯರ್ಥವಾಗಿ ಬಿದ್ದಿವೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಏಕೆಂದರೆ ಅವು ತೆರೆಯುವ ದಿನ ಗೊತ್ತಿದೆ. ಆ ದಿನ ಬಾಗಿಲೂ ತೆರೆದಿರುತ್ತದೆ. ಮುಚ್ಚಿಡುವುದು ತೆರೆಯುವುದಕ್ಕಾಗಿ. ಇನ್ನೊಂದು ಮಾತು: ಪಟ್ಟದ ಗೊಂಬೆಯ ಬಣ್ಣ ಹೋದರೆ ಅದರ ಬೆಲೆ ಇಳಿಯುವುದಿಲ್ಲ. ಮುತ್ತಜ್ಜಿಯ ಕಾಲದಲ್ಲಿ ಮುರಿದ ಕೈಗೆ ಅಂಟು ಹಾಕಿದ ಗುರುತು ಇದ್ದರೆ ಅದನ್ನು ಬಂದವರಿಗೆ ತೋರಿಸಿ ಕಥೆ ಹೇಳುತ್ತಾರೆ. ಮಾರುವ ಮಾತೇ ಇಲ್ಲದಲ್ಲಿ ಗಾಯವೂ ಒಡವೆಯಾಗುತ್ತದೆ. ಆದುದರಿಂದ ಆಡುವುದೋ ಇಡುವುದೋ ಎಂಬಲ್ಲಿ ಧರ್ಮಾಧರ್ಮಗಳ ಗೆರೆ ಬೀಳಲಿಲ್ಲ. ಯಾರಿಗಾಗಿ ಇಡುವುದು ಎಂಬಲ್ಲಿ ಬಿತ್ತು.

ಪೆಟ್ಟಿಗೆಯ ವಿಚಾರದಲ್ಲಿಯೇ ಇನ್ನೊಂದು ಕಥೆಯನ್ನು ಹೇಳುತ್ತಾರೆ. ಲಂಡನ್ನಿನ ಲೆಸ್ನಿ ಕಂಪನಿಯ ಪಾಲುಗಾರನಾಗಿದ್ದ ಜಾಕ್ ಓಡೆಲ್ ಎಂಬಾತನ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ಮಕ್ಕಳು ತರಬಹುದೆಂಬ ಕಟ್ಟಳೆಯಿತ್ತು. ಆತನು 1952ರಲ್ಲಿ ಹಿತ್ತಾಳೆಯ ಪುಟ್ಟ ರೋಡ್ ರೋಲರೊಂದನ್ನು ಮಾಡಿ ಅವಳ ಬೆಂಕಿಪೊಟ್ಟಣದಲ್ಲಿಟ್ಟು ಕಳುಹಿಸಿದನು. ಶಾಲೆಯ ಮಕ್ಕಳೆಲ್ಲರೂ ತಮಗೂ ಬೇಕೆಂದರು. ಮರುವರ್ಷ, 1953ರಲ್ಲಿ, ಮ್ಯಾಚ್‌ಬಾಕ್ಸ್ ಎಂಬ ಹೆಸರಿನಿಂದಲೇ ಕಾರುಗಳು ಮಾರುಕಟ್ಟೆಗೆ ಬಂದು ಲೋಕಪ್ರಸಿದ್ಧವಾದುವು. ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಆ ಪೆಟ್ಟಿಗೆ ಹುಟ್ಟಿದ್ದು ಆಟಿಕೆಯನ್ನು ಮನೆಯಿಂದ ಹೊರಕ್ಕೆ, ಇತರ ಮಕ್ಕಳ ನಡುವಿಗೆ ಒಯ್ಯುವುದಕ್ಕಾಗಿ. ಇಂದಿನ ಪೊಟ್ಟಣದ ಕೆಲಸ ಅದಕ್ಕೆ ನೇರವಾಗಿ ವಿರುದ್ಧವಾದದ್ದು. ರಟ್ಟಿನ ಮೂಲೆ ಮಡಿಸಿದ್ದರೆ ಬೆಲೆ ಇಳಿಯುತ್ತದೆಂದು, ಪೊಟ್ಟಣವನ್ನು ಕಾಪಾಡಲು ಇನ್ನೊಂದು ಗಡಸು ಪ್ಲಾಸ್ಟಿಕ್ ಪೊಟ್ಟಣವನ್ನು ಮಾರುವವರೂ ಹುಟ್ಟಿದ್ದಾರೆ. ಹೊದಿಕೆಗೆ ಹೊದಿಕೆ! ಒಳಗಿರುವ ಕಾರು ಇದರಲ್ಲಿ ನಿಮಿತ್ತಮಾತ್ರ.

ಇಷ್ಟರವರೆಗೆ ನಡೆದದ್ದು ಒಬ್ಬನ ಮನೆಯೊಳಗಿನ ವಿಚಾರ. ಅಂಗಡಿಯಲ್ಲಿ ಅದು ಇನ್ನೊಬ್ಬರ ವಿಚಾರವಾಗುತ್ತದೆ. 1995ರಿಂದ ಹಾಟ್ ವೀಲ್ಸಿನವರು ಸಾಧಾರಣ ಕಾರುಗಳ ಕಟ್ಟುಗಳಲ್ಲಿ ಅಲ್ಲೊಂದು ಇಲ್ಲೊಂದು ವಿರಳವಾದ ಕಾರನ್ನು ಬೆರೆಸಿ, ಅದಕ್ಕೆ ಟ್ರೆಷರ್ ಹಂಟ್, ಎಂದರೆ ನಿಧಿಯ ಬೇಟೆ, ಎಂದು ಹೆಸರಿಟ್ಟರು. ಅಂದಿನಿಂದ ಬೇಟೆಗಾರರು ಹೆಚ್ಚಿದರು. ಹೊಸ ಕಟ್ಟು ಬರುವ ದಿನವನ್ನು ತಿಳಿದುಕೊಂಡು, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಮಸಲ್ ಕಾರುಗಳನ್ನೂ ಪಂದ್ಯದ ಕಾರುಗಳನ್ನೂ ಆರಿಸಿಕೊಂಡುಬಿಡುವ ಪ್ರೌಢರು ಈ ನಗರದಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರು ಅದನ್ನೇ ಮಾರನೆಯ ದಿನ ಮೂರರಷ್ಟು ನಾಲ್ಕರಷ್ಟು ಬೆಲೆಗೆ ಮಾರುತ್ತಾರೆ. ಭಾನುವಾರ ಸಂಜೆ ತಂದೆಯ ಬೆರಳು ಹಿಡಿದು ಬಂದ ಮಗುವಿಗೆ ಉಳಿಯುವುದು, ಯಾರೂ ಬೇಡವೆಂದು ಬಿಟ್ಟದ್ದು. ಮಗುವಿಗೆ ಇದು ತಿಳಿಯದು. ಉಳಿದದ್ದರಲ್ಲಿಯೇ ಒಂದನ್ನು ಆರಿಸಿ ನಕ್ಕು ಹೋಗುತ್ತದೆ. ತಿಳಿಯದವರಿಂದ ಕಸಿದುಕೊಳ್ಳುವುದು ತಿಳಿದವರಿಂದ ಕಸಿದುಕೊಳ್ಳುವುದಕ್ಕಿಂತ ಹಗುರವಾದ ತಪ್ಪೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಬೀರುವಿನಲ್ಲಿ ಇಟ್ಟವನ ವಿಷಯದಲ್ಲಿ ಎಷ್ಟು ದಾಕ್ಷಿಣ್ಯ ತೋರಿಸಿದರೂ, ಅಂಗಡಿಯನ್ನು ಬರಿದುಮಾಡುವವನ ವಿಷಯದಲ್ಲಿ ಅದನ್ನು ತೋರಿಸಬೇಕಾಗಿಲ್ಲ. ಅವನಿಗೆ ಕಾರಿನ ಮೇಲೆ ಪ್ರೀತಿಯೂ ಇಲ್ಲ.

ಪ್ರೀತಿಯುಳ್ಳವನ ಕಷ್ಟ ಬೇರೆ. ಬಸವೇಶ್ವರನಗರದ ಒಂದು ಮನೆಯಲ್ಲಿ ಐದು ವರ್ಷದ ಹುಡುಗನು ಬೀರುವಿನ ಮುಂದೆ ನಿಂತು ಕೇಳುತ್ತಾನೆಂದು ಇಟ್ಟುಕೊಳ್ಳೋಣ:

"ಅಪ್ಪ, ಆ ನೀಲಿ ಕಾರು ಓಡುತ್ತಾ?"

"ಓಡುತ್ತೆ ಕಣೋ. ಆದರೆ ಅದನ್ನು ತೆಗೆಯಬಾರದು."

"ನೀನು ತೆಗೀತೀಯಾ?"

"ನಾನೂ ತೆಗೆಯೋದಿಲ್ಲ."

"ಹಾಗಾದರೆ ಅದು ಯಾರದು?"

ಈ ಕೊನೆಯ ಪ್ರಶ್ನೆಗೆ ತಂದೆಯು ಏನು ಹೇಳಬೇಕು? ನನ್ನದು ಎಂದರೆ, ತನ್ನದನ್ನು ತಾನೇ ಮುಟ್ಟದವನು ಯಾವ ಬಗೆಯ ಒಡೆಯನೆಂದು ಮಗು ಕೇಳದಿದ್ದರೂ ಮನಸ್ಸು ಕೇಳುತ್ತದೆ. ನೀನು ದೊಡ್ಡವನಾದ ಮೇಲೆ ನಿನ್ನದು ಎಂದರೆ, ದೊಡ್ಡವನಾದ ಮೇಲೆ ಅವನಿಗೆ ಅದು ಬೇಕಾಗುವುದಿಲ್ಲ, ಬೇಕಾಗಿರುವುದು ಈಗ. ಮುಂದೆ ಇದಕ್ಕೆ ಬಹಳ ದುಡ್ಡು ಬರುತ್ತದೆ ಎಂದರೆ ಅದು ಒಂದು ವೇಳೆ ಸತ್ಯವಾಗಿರಬಹುದು, ಆದರೆ ಆ ಗಳಿಗೆಯಿಂದ ಮಗುವಿನ ಕಣ್ಣಿಗೆ ಕಾರು ಕಾರಾಗಿ ಉಳಿಯುವುದಿಲ್ಲ. ಐದು ವರ್ಷದವನಿಗೆ ವಸ್ತುಗಳನ್ನು ಬೆಲೆಯ ಮೂಲಕ ನೋಡಲು ಕಲಿಸಿದಂತಾಗುತ್ತದೆ. ಅದನ್ನು ಕಲಿಸುವವರು ಲೋಕದಲ್ಲಿ ಮುಂದೆ ಬೇಕಾದಷ್ಟು ಮಂದಿ ಸಿಕ್ಕುತ್ತಾರೆ, ತಂದೆಯೇ ಆಗಬೇಕಾಗಿಲ್ಲ.

ಆದರೆ ಆ ನೀಲಿಯ ಕಾರನ್ನೇ ತೆಗೆದು ಕೊಡಲೇಬೇಕೆಂಬ ವಿಧಿಯೂ ಇಲ್ಲ. ಕೇಳಿದ್ದನ್ನೆಲ್ಲ ಕೊಡುವುದು ಪ್ರೀತಿಯಲ್ಲವೆಂಬುದನ್ನು ತಾಯಂದಿರು ಬಲ್ಲರು. ತಂದೆಯು ಮಗುವಿಗೆ ಕೊಡಬೇಕಾದದ್ದು ಎರಡು: ಆಡಲಿಕ್ಕೆ ಒಂದು ಕಾರು, ಮತ್ತು ನಿಜವಾದ ಕಾರಣ. ನಾನು ನಿನ್ನಷ್ಟು ಚಿಕ್ಕವನಾಗಿದ್ದಾಗ ಇದನ್ನು ನೋಡಿ ಆಸೆಪಟ್ಟಿದ್ದೆ, ಸಿಕ್ಕಲಿಲ್ಲ, ಈಗ ನೋಡಿಕೊಂಡಿರುವುದೇ ನನಗೆ ಆಟ ಎಂದು ಹೇಳುವ ತಂದೆಯನ್ನು ಮಗು ಅರ್ಥಮಾಡಿಕೊಳ್ಳುತ್ತದೆ. ಮಕ್ಕಳಿಗೆ ಆಸೆಯ ಭಾಷೆ ಚೆನ್ನಾಗಿ ಬರುತ್ತದೆ. ಹೀಗೆ ಹೇಳಲು ಸಾಧ್ಯವಾಗದಿದ್ದರೆ, ಹೇಳಲು ಹೋದಾಗ ನಾಲಗೆ ತಡವರಿಸಿ ಬೆಲೆಯ ಮಾತೇ ಬಾಯಿಗೆ ಬಂದರೆ, ಅವನು ತನ್ನ ಬೀರುವನ್ನು ತಾನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.

ಸಂಗ್ರಾಹಕರಲ್ಲಿ ಒಂದು ಉಪಾಯ ರೂಢಿಯಲ್ಲಿದೆ. ಒಂದೇ ಕಾರನ್ನು ಎರಡು ಕೊಳ್ಳುವುದು, ಒಂದು ಒಡೆಯಲಿಕ್ಕೆ, ಇನ್ನೊಂದು ಇಡಲಿಕ್ಕೆ. ಮೊದಲು ಕೇಳಿದಾಗ ಇದು ನಗೆಯನ್ನು ತರುತ್ತದೆ. ಆದರೆ ಇದರಲ್ಲಿ ಒಂದು ಒಪ್ಪಿಗೆ ಇದೆ: ಒಡೆಯದ ಕಾರಿನಲ್ಲಿ ಏನೋ ಕೊರತೆಯಿದೆಯೆಂದು ಸಂಗ್ರಾಹಕನೇ ಬಲ್ಲನು. ಗಾಲಿ ಎಷ್ಟು ಸಲೀಸಾಗಿ ತಿರುಗುತ್ತದೆ, ಅಂಗೈಯಲ್ಲಿ ಲೋಹ ಎಷ್ಟು ತಣ್ಣಗಿದೆ, ಎಷ್ಟು ತೂಕವಿದೆ ಎಂಬುದನ್ನು ಪ್ಲಾಸ್ಟಿಕ್ಕಿನ ಹೊರಗಿನಿಂದ ತಿಳಿಯಲು ಬಾರದು. ಎರಡು ಕೊಳ್ಳಲು ಶಕ್ತಿಯಿಲ್ಲದವನು ಒಂದನ್ನೇ ಕೊಂಡು ಒಡೆದರೆ, ಎರಡು ಕೊಂಡವನಿಗಿಂತ ಅವನಿಗೆ ಏನು ಕಡಿಮೆಯಾಯಿತೆಂದು ಲೆಕ್ಕಹಾಕಿ ನೋಡಬಹುದು.

ಕಾಪಾಡಿದ್ದೆಲ್ಲ ಉಳಿಯುವುದೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. 1930ರ ದಶಕದ ಡಿಂಕಿ ಕಾರುಗಳಲ್ಲಿ ಅನೇಕವು ಯಾರೂ ಮುಟ್ಟದೆ, ಪೆಟ್ಟಿಗೆಯೊಳಗೇ ಬಿರುಕುಬಿಟ್ಟು, ಉಬ್ಬಿ, ಪುಡಿಯಾಗಿ ಹೋಗಿವೆ. ಎರಕ ಹೊಯ್ಯುವಾಗ ಸತುವಿನಲ್ಲಿ ಅಲ್ಪಸ್ವಲ್ಪ ಸೀಸ ಬೆರೆತಿದ್ದರೂ ಸಾಕು, ಲೋಹದ ಕಣಗಳ ನಡುವಣ ಸಂದುಗಳಲ್ಲಿ ಕಿಲುಬು ಹಬ್ಬುತ್ತ, ಹತ್ತಾರು ವರ್ಷಗಳ ಮೇಲೆ ಹೊರಕ್ಕೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸತುವಿನ ಪಿಡುಗು ಎಂದು ಹೆಸರು. ಹಿಡಿದ ಮೇಲೆ ಮದ್ದಿಲ್ಲ. 1929ರಲ್ಲಿಯೇ ಅಮೆರಿಕೆಯ ನ್ಯೂ ಜೆರ್ಸಿ ಜಿಂಕ್ ಕಂಪನಿಯವರು ಅತಿಶುದ್ಧವಾದ ಸತುವಿನ ಮಿಶ್ರಲೋಹವನ್ನು ಕಂಡುಹಿಡಿದಿದ್ದರು. ಶುದ್ಧಿಯ ಕಟ್ಟುನಿಟ್ಟು ಎಲ್ಲ ಕಾರ್ಖಾನೆಗಳಿಗೂ ಬರಲು ಕಾಲ ಹಿಡಿಯಿತು. ಇಂದಿನ ಎರಕಕ್ಕೆ ಈ ಭಯ ಕಡಿಮೆ. ಆದರೆ ಪೊಟ್ಟಣದ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ, ರಟ್ಟಿನ ಅಂಟು ಒಣಗಿ ಬಿಡುತ್ತದೆ, ರಬ್ಬರಿನ ಗಾಲಿ ಗಟ್ಟಿಯಾಗಿ ಸೀಳುತ್ತದೆ. ಯಾವ ಮಗುವೂ ಆಡದೆ ಸತ್ತ ಆ ಡಿಂಕಿ ಕಾರುಗಳಿಗೆ ಹೋಲಿಸಿದರೆ, ಮೆಟ್ಟಿಲಿನಿಂದ ಉರುಳಿ ಸತ್ತವು ಪುಣ್ಯವಂತವಾದುವು.

ಲಾಭದ ಲೆಕ್ಕವೂ ಮುಂದಕ್ಕೆ ಹೀಗೆಯೇ ನಡೆಯುವುದೆಂದು ಹೇಳುವಂತಿಲ್ಲ. 1968ರ ಕಾರಿಗೆ ಇಂದು ಬೆಲೆ ಬಂದದ್ದು, ಮೇಲೆ ಹೇಳಿದಂತೆ, ಅಂದಿನ ಮಕ್ಕಳು ಆಡಿದ್ದರಿಂದ. ಇಂದಿನ ಕಾರನ್ನು ಸಾವಿರಾರು ಮಂದಿ ಪೊಟ್ಟಣ ಒಡೆಯದೆ ಕಾದಿಡುತ್ತಿದ್ದಾರೆ, ಅದೂ ಒಂದೇ ಆಸೆಯಿಂದ. ನಲವತ್ತು ವರ್ಷಗಳ ಮೇಲೆ ಆ ಎಲ್ಲ ಬೀರುಗಳೂ ಒಟ್ಟಿಗೆ ತೆರೆದರೆ, ಮಾರುವವರು ಸಾವಿರ, ಕೊಳ್ಳುವವರು ಹತ್ತು. ಆಗ ವಿರಳವಾಗಿರುವುದು ಬಣ್ಣ ಹೋದ, ಗಾಲಿ ಸೊಟ್ಟಗಾದ, ಬುಡದಲ್ಲಿ ಹುಡುಗನೊಬ್ಬನು ಮೊಳೆಯಿಂದ ತನ್ನ ಹೆಸರನ್ನು ಕೆತ್ತಿದ ಕಾರೇ ಆದರೂ ಆಗಬಹುದು.

ವಿಜಯನಗರದ ಕಡೆಯ ಕೆಲವು ಮನೆಗಳಲ್ಲಿ ನವರಾತ್ರಿಯ ಗೊಂಬೆಯ ರಸ್ತೆಗೆ ಬೀರುವಿನ ಕಾರುಗಳೂ ಇಳಿಯತೊಡಗಿವೆ. ಪೊಟ್ಟಣದಲ್ಲಿದ್ದುವನ್ನು ಪೊಟ್ಟಣದಲ್ಲಿಯೇ ರಾಗಿಯ ಪೈರಿಗೆ ಒರಗಿಸಿ ನಿಲ್ಲಿಸುವವರಿದ್ದಾರೆ. ಅದು ನೋಡಲು ಚೆನ್ನಾಗಿರುವುದಿಲ್ಲ, ಅಂಗಡಿಯ ಸಾಮಾನಿನಂತೆ ಕಾಣುತ್ತದೆ. ಒಡೆದು ಮರಳಿನ ಮೇಲೆ ನಿಲ್ಲಿಸುವವರೂ ಇದ್ದಾರೆ. ಅಂಥ ಮನೆಯಲ್ಲಿ ಚರಪಿಗೆ ಬಂದ ಹುಡುಗರು ಅಜ್ಜಿಯ ಕಣ್ಣು ತಪ್ಪಿಸಿ ರೆಕ್ಕೆಯ ನೀಲಿ ಕಾರನ್ನು ಒಂದು ಬೆರಳಿನಿಂದ ಮೆಲ್ಲಗೆ ನೂಕುತ್ತಾರೆ. ಅದು ಕನ್ನಡಿಯ ಕೊಳದ ಅಂಚಿನವರೆಗೆ ಹೋಗಿ ನಿಲ್ಲುತ್ತದೆ. ಒಡೆಯನು ಅದನ್ನು ಕಂಡೂ ಕಾಣದಂತೆ ಬಾಗಿಲ ಕಡೆಗೆ ತಿರುಗಿ, ಹೊಸದಾಗಿ ಬಂದವರನ್ನು ಒಳಗೆ ಕರೆಯುತ್ತಾನೆ.